ಕೊಂಬೆ ಇಳಿಸುವ ಮುನ್ನ ಸ್ಲಿಂಗ್ ನೋಡಿ: ಯಾವ ಕೆಲಸಕ್ಕೆ ಯಾವುದು?

ಮಳೆಗಾಲಕ್ಕೆ ಮುಂಚೆ ಅಂಗಡಿ ಶೀಟು, ಮನೆ ಹಂಚಿನ ಮೇಲೆ ಚಾಚಿದ ಕೊಂಬೆ ತೆಗೆಸುವುದು ಎಲ್ಲ ಊರಲ್ಲೂ ಇರುವ ಕೆಲಸ. ಕೆಳಗೆ ಬಯಲಿದ್ದರೆ ಕಡಿದು ಬೀಳಿಸಬಹುದು. ಕಟ್ಟಡ ಇದ್ದರೆ ಮೇಲೆ ರಾಟೆ ಕಟ್ಟಿ, ಹಗ್ಗದಲ್ಲಿ ನಿಧಾನಕ್ಕೆ ಇಳಿಸಬೇಕು. ಆ ರಾಟೆಯನ್ನು ಮರಕ್ಕೆ ಹಿಡಿದಿಡುವ ಗಿಡ್ಡ ಹಗ್ಗ ಅಥವಾ ಬೆಲ್ಟಿಗೆ ಸ್ಲಿಂಗ್ ಅಂತಾರೆ.

ಭಾರವೆಲ್ಲ ಬೀಳುವುದು ಇದರ ಮೇಲೆ. 100 ಕೆ.ಜಿ. ಕೊಂಬೆ ರಾಟೆಯಲ್ಲಿ ತೂಗುತ್ತಿದ್ದರೆ, ಒಂದು ಕಡೆ ಕೊಂಬೆ, ಇನ್ನೊಂದು ಕಡೆ ಕೆಳಗೆ ಹಗ್ಗ ಹಿಡಿದವರ ಎಳೆತ. ಎರಡೂ ಸೇರಿ ಸ್ಲಿಂಗಿಗೆ ಸುಮಾರು 200 ಕೆ.ಜಿ. ಕೊಂಬೆ ಕೆಲವು ಅಡಿ ಬಿದ್ದು ಜಗ್ಗಿದರೆ ಹೊಡೆತ ಇನ್ನೂ ಹಲವು ಪಟ್ಟು.

ಮುಖ್ಯ ವಿಧಗಳು ನಾಲ್ಕು

ಬಳೆ ಸ್ಲಿಂಗ್: ಕೊನೆಯೇ ಇಲ್ಲದ ಉಂಗುರ. ಬೇಗ ಸುತ್ತಬಹುದು, ಆದರೆ ಉದ್ದ ಬದಲಾಗಲ್ಲ.

ಎರಡು ಕುಣಿಕೆಯ ಸ್ಲಿಂಗ್: ಎರಡೂ ತುದಿಯಲ್ಲಿ ಕುಣಿಕೆ. ಮರಕ್ಕೆ ಸುತ್ತಿ ಎರಡೂ ಕುಣಿಕೆಗೆ ಭಾರ ಹಾಕಿದರೆ ಸುಮಾರು ಎರಡು ಪಟ್ಟು ತಾಳುತ್ತದೆ. ಒಂದರೊಳಗೆ ಇನ್ನೊಂದು ತೂರಿಸಿ ಬಿಗಿದರೆ ನೇರ ಬಲದ ಸುಮಾರು 80 ಶೇಕಡ ಮಾತ್ರ.

ಒಂದು ಕುಣಿಕೆಯ ಸ್ಲಿಂಗ್: ಇನ್ನೊಂದು ತುದಿ ಉದ್ದನೆಯ ಬಾಲ. ಸಣ್ಣ ಮರಕ್ಕೂ ದಪ್ಪ ಮರಕ್ಕೂ ಆಗುತ್ತದೆ. ಗಂಟು ಸರಿಯಾಗಿ ಹಾಕಲು ಬರಬೇಕು.

ವೂಪಿ ಸ್ಲಿಂಗ್: ಟೊಳ್ಳು ಹೆಣಿಗೆಯ ಹಗ್ಗದೊಳಗೆ ಅದೇ ಹಗ್ಗ ತೂರಿಸಿದ್ದು. ಎಳೆದು ಉದ್ದ ಹೊಂದಿಸಬಹುದು, ಭಾರ ಬಿದ್ದಾಗ ತಾನೇ ಬಿಗಿಯುತ್ತದೆ.

ಬಣ್ಣವೂ ಮಾತಾಡುತ್ತದೆ

ಲಾರಿ, ಕ್ರೇನ್ ಕೆಲಸದಲ್ಲಿ ಕಾಣುವ ಪಾಲಿಯೆಸ್ಟರ್ ಬೆಲ್ಟ್‌ಗಳಲ್ಲಿ ಸಾಮಾನ್ಯವಾಗಿ ನೇರಳೆ 1 ಟನ್, ಹಸಿರು 2, ಹಳದಿ 3. ಆದರೂ ಬಣ್ಣ ನೋಡಿ ಸುಮ್ಮನಾಗಬಾರದು, ಚೀಟಿ ಓದಬೇಕು. ಚೀಟಿ ಕಿತ್ತುಹೋಗಿದ್ದರೆ ಆ ಬೆಲ್ಟ್ ಎತ್ತುವ ಕೆಲಸಕ್ಕೆ ಬೇಡ.

ಅಂಗಡಿಯಲ್ಲಿ ಸಿಗುವ ಅಗ್ಗದ ಪ್ಲಾಸ್ಟಿಕ್ ಹಗ್ಗ ಹೊರೆ ಕಟ್ಟಲು ಸಾಕು. ಉಜ್ಜಿದ ಬಿಸಿಗೆ ಅದು ಬೇಗ ಕರಗುತ್ತದೆ, ಬಿಸಿಲಿಗೆ ಪೆಡಸಾಗುತ್ತದೆ. ಗಂಟು ಬಿದ್ದ ಜಾಗದಲ್ಲಂತೂ ಯಾವ ಹಗ್ಗದ ಬಲವೂ ಕುಗ್ಗುತ್ತದೆ. ಗಿರಾಕಿ "ಗಟ್ಟಿ ಹಗ್ಗ ಕೊಡಿ" ಅಂದರೆ, ಯಾವ ಕೆಲಸಕ್ಕೆ ಅಂತ ಅಂಗಡಿಯವರು ಒಂದು ಮಾತು ಕೇಳುವುದು ಒಳ್ಳೆಯದು.

ಮರ ಹತ್ತಿಸುವ ಮುನ್ನ

* ಎಳೆ ಹರಿದಿದೆಯೇ, ಕರಗಿ ಗಟ್ಟಿಯಾದ ಕಲೆ ಇದೆಯೇ, ಗರಗಸ ತಾಗಿದ ಗುರುತಿದೆಯೇ ಎಂದು ಕೈಯಾಡಿಸಿ ನೋಡಿ.
* ಕೊಂಬೆ ಇಳಿಸಿದ ಸ್ಲಿಂಗನ್ನು ಮನುಷ್ಯನ ಆಧಾರಕ್ಕೆ ಬಳಸಬೇಡಿ. ಜಗ್ಗಿದ ಪೆಟ್ಟು ಹೊರಗೆ ಕಾಣಲ್ಲ. ಹತ್ತುವವರ ಬೆಲ್ಟು, ಹಗ್ಗ ಬೇರೆಯೇ ಇರಲಿ.
* ಹತ್ತಿರ ವಿದ್ಯುತ್ ತಂತಿ ಇದ್ದರೆ ಲೈನ್ ಆಫ್ ಮಾಡಿಸದೆ ಕೆಲಸ ಶುರು ಮಾಡಬೇಡಿ.
* ತೂಗುವ ಕೊಂಬೆಯ ಕೆಳಗೆ ಯಾರೂ ನಿಲ್ಲದಿರಲಿ.

ಕೂಲಿ ಮಾತಾಡುವಾಗಲೇ ಹಗ್ಗ, ಸ್ಲಿಂಗ್ ತೋರಿಸಿ ಅಂತ ಕೇಳಿ. ಶೀಟು ಒಡೆದರೆ ಹೊಸದು ಹಾಕಿಸಬಹುದು, ಮೇಲೆ ಹತ್ತಿದವರು ಕ್ಷೇಮವಾಗಿ ಇಳಿಯಬೇಕು.