ವಿಮಾನದಲ್ಲೂ ಕಳ್ಳರಿದ್ದಾರೆ: ಕೈಬ್ಯಾಗ್ ಮೇಲೆ ಕಣ್ಣಿರಲಿ

ಬಸ್ಸಲ್ಲಿ ಬ್ಯಾಗನ್ನು ತೊಡೆ ಮೇಲಿಂದ ಇಳಿಸದವರೂ ವಿಮಾನ ಹತ್ತಿದ ಕೂಡಲೇ ನಿರಾಳರಾಗಿಬಿಡುತ್ತಾರೆ. ಇಷ್ಟೆಲ್ಲ ತಪಾಸಣೆ ಆದಮೇಲೆ ಕಳ್ಳ ಎಲ್ಲಿಂದ ಬರ್ತಾನೆ ಅನ್ನೋ ನಂಬಿಕೆ. ಆದರೆ ತಪಾಸಣೆಯಲ್ಲಿ ಸಿಕ್ಕಿಬೀಳೋದು ಚಾಕು, ಸ್ಫೋಟಕದಂಥ ವಸ್ತು. ಟಿಕೆಟ್ ತಗೊಂಡು ಬಂದ ಕಳ್ಳ ಅಲ್ಲ.

2024ರ ಮೇ ತಿಂಗಳಲ್ಲಿ ದೆಹಲಿ ಪೊಲೀಸರು ಬಂಧಿಸಿದ ವ್ಯಕ್ತಿಯೊಬ್ಬ ಒಂದು ವರ್ಷದಲ್ಲಿ ಸುಮಾರು 200 ಬಾರಿ ವಿಮಾನ ಹತ್ತಿದ್ದ. ಪೊಲೀಸರ ಪ್ರಕಾರ, ವಯಸ್ಸಾದ ಮಹಿಳೆಯರೇ ಅವನ ಗುರಿ. ಜನ ಹತ್ತುವ ಗಡಿಬಿಡಿಯಲ್ಲಿ ತನ್ನ ಬ್ಯಾಗ್ ಸರಿಮಾಡುವಂತೆ ನಟಿಸಿ, ಅವರ ಕೈಬ್ಯಾಗಿನಿಂದ ಒಡವೆ ಎಗರಿಸುತ್ತಿದ್ದ. ಟಿಕೆಟ್ ಮಾಡಿಸುತ್ತಿದ್ದದ್ದು ತೀರಿಹೋದ ಸಹೋದರನ ಹೆಸರಲ್ಲಿ!

ಹಾಗಾಗಿ ಮದುವೆಗೆ ಒಡವೆ ಒಯ್ಯುವವರು, ಸರಕಿಗೆ ಹಣ ಒಯ್ಯುವ ಅಂಗಡಿಯವರು ಅದನ್ನು ಸಣ್ಣ ಬ್ಯಾಗಲ್ಲಿ ಹಾಕಿ ಕಾಲ ಬಳಿಯೇ ಇಟ್ಟುಕೊಳ್ಳಿ. ಕೌಂಟರಿನಲ್ಲಿ ಕೊಡುವ ಲಗೇಜಲ್ಲಿ ಒಡವೆ ಬೇಡವೇ ಬೇಡ. ಬ್ಯಾಗ್ ಮೇಲೆ ಇಡಲೇಬೇಕಾದರೆ ಜಿಪ್ಪಿಗೆ ಬೀಗ ಹಾಕಿ.

ಇಳಿಯುವ ಮುಂಚೆ ತೆರೆದು ನೋಡಿ. ಏನಾದರೂ ಕಾಣದಿದ್ದರೆ ಸಿಬ್ಬಂದಿಗೆ ಅಲ್ಲೇ ಹೇಳಿ. ಎಲ್ಲರೂ ಇಳಿದು ಹೋದಮೇಲೆ ಹುಡುಕೋದು ಕಷ್ಟ. ಊರಿಗೆ ಬಂದಮೇಲೆ ಗೊತ್ತಾದರೂ ಸುಮ್ಮನಾಗಬೇಡಿ. ಹತ್ತಿರದ ಠಾಣೆಯಲ್ಲೇ ಝೀರೋ ಎಫ್‌ಐಆರ್ ದಾಖಲಿಸಬಹುದು, ನಮ್ಮ ವ್ಯಾಪ್ತಿ ಅಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ಅಲ್ಲಿಯವರೆಗೆ ಬೋರ್ಡಿಂಗ್ ಪಾಸ್ ಬಿಸಾಡಬೇಡಿ.