ಕೋಡಂಗಿಯ ವೇಷದ ರಾಕ್ಷಸ: ಒಂದು ರಸವಿಚಾರ

ಹಾಸ್ಯಕ್ಕೂ ಭಯಾನಕಕ್ಕೂ ಪರಸ್ಪರ ವಿರೋಧವುಂಟೆಂದು ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಸ್ಪಷ್ಟವಾಗಿ ಹೇಳಿದ್ದಾನೆ. ಹೀಗಿರಲು, ನಗಿಸುವುದಕ್ಕೆಂದೇ ವೇಷ ಧರಿಸುವ ಸರ್ಕಸ್ಸಿನ ಕೋಡಂಗಿಯನ್ನು ಭಯಕ್ಕೆ ಆಲಂಬನವಾಗಿ ನಿಲ್ಲಿಸಿದ ಕೃತಿಯು ರಸಭಂಗಕ್ಕೆ ಈಡಾಗಬೇಕಷ್ಟೆ. ಅಮೆರಿಕದ ಕಾದಂಬರಿಕಾರ ಸ್ಟೀಫನ್ ಕಿಂಗನು 1986ರಲ್ಲಿ ಪ್ರಕಟಿಸಿದ, ಸಾವಿರದ ನೂರು ಪುಟಗಳನ್ನು ಮೀರಿದ ‘ಇಟ್’ ಎಂಬ ಕಥೆಯಲ್ಲಿ ಹಾಗಾಗಿಲ್ಲ. ಅದೇಕೆಂಬುದು ವಿಚಾರಾರ್ಹವಾಗಿದೆ.

ಮೇಯ್ನ್ ಸಂಸ್ಥಾನದ ಡೆರಿ ಎಂಬ ಕಲ್ಪಿತ ಪಟ್ಟಣದ ಚರಂಡಿಗಳಲ್ಲಿ ಒಂದು ದುಷ್ಟಸತ್ತ್ವವು ವಾಸಿಸುತ್ತದೆ. ಸುಮಾರು 27 ವರ್ಷಗಳಿಗೊಮ್ಮೆ ಎಚ್ಚೆತ್ತು ಮಕ್ಕಳನ್ನು ಭಕ್ಷಿಸುತ್ತದೆ. ಯಾವ ಮಗು ಯಾವುದಕ್ಕೆ ಅಂಜುವುದೋ ಆ ರೂಪವನ್ನೇ ಅದು ತಾಳುವುದಾದರೂ ಅದಕ್ಕೆ ಬಹುಪ್ರಿಯವಾದುದು ಪೆನ್ನಿವೈಸ್ ಎಂಬ ಕೋಡಂಗಿಯ ರೂಪ. 1957ರ ಮಳೆಯಲ್ಲಿ ಕಾಗದದ ದೋಣಿಯನ್ನು ಬೆನ್ನಟ್ಟಿ ಬಂದ ಜಾರ್ಜಿಯೆಂಬ ಬಾಲಕನನ್ನು ಅದು ಬೆಲೂನು ತೋರಿಸಿ, ಮೋರಿಯ ಬಾಯಿಂದ ನಗುನಗುತ್ತಲೇ ಮಾತನಾಡಿಸಿ ಕೊಲ್ಲುತ್ತದೆ.

ಇಲ್ಲಿ ಭರತಮುನಿಯು ನೆರವಾಗುತ್ತಾನೆ. ಆತನು ಹಾಸ್ಯದ ವಿಭಾವಗಳನ್ನೆಣಿಸುವಾಗ ವಿಕೃತವಾದ ವೇಷಾಲಂಕಾರಗಳನ್ನು ಹೇಳುತ್ತಾನೆ. ಭಯಾನಕದಲ್ಲಿ ವಿಕೃತವಾದ ಧ್ವನಿಯನ್ನು ಹೇಳುತ್ತಾನೆ. ವಿದೂಷಕನ ಲಕ್ಷಣದಲ್ಲಿಯೂ ಕುಳ್ಳು, ಗೂನು, ಉಬ್ಬುಹಲ್ಲುಗಳೊಡನೆ ವಿಕೃತಮುಖವು ಸೇರಿದೆ. ವಿಕೃತಿಯೇ ಎರಡು ರಸಗಳಿಗೂ ಸಮಾನವಾದ ಬೀಜವೆಂದಾಯಿತು. ನಮಗೆ ಅದರಿಂದ ಕೇಡಿಲ್ಲವೆಂಬ ನಿಶ್ಚಯವಿರುವವರೆಗೆ ನಗು. ಆ ನಿಶ್ಚಯವು ತಪ್ಪಿದೊಡನೆ ಅದೇ ಬಣ್ಣ, ಅದೇ ಹಲ್ಲು ನಡುಕವನ್ನು ಹುಟ್ಟಿಸುತ್ತವೆ. ಎಳೆಯ ಮಕ್ಕಳು ಕೋಡಂಗಿಯನ್ನು ಕಂಡು ಅಳುವುದೂ ಉಂಟಷ್ಟೆ.

ಇನ್ನು ಸಂಹಾರಕ್ರಮ. ಆ ಸತ್ತ್ವವು ತಾಳಿದ ರೂಪದ ಧರ್ಮಕ್ಕೆ ತಾನೇ ಕಟ್ಟುಬೀಳುತ್ತದೆ. ಬೆಳ್ಳಿಯು ತೋಳಮಾನವನನ್ನು ಕೊಲ್ಲುವುದೆಂದು ಚಲಚ್ಚಿತ್ರಗಳಿಂದ ನಂಬಿದ್ದ ಏಳು ಮಕ್ಕಳು 1958ರಲ್ಲಿ ಬೆಳ್ಳಿಯ ಗುಂಡುಗಳನ್ನು ಎರಕ ಹೊಯ್ಯುತ್ತಾರೆ. ಬೆವರ್ಲಿಯೆಂಬ ಬಾಲಿಕೆ ಕವಣೆಯಿಂದ ಅದನ್ನು ಗಾಯಗೊಳಿಸುತ್ತಾಳೆ. ಬಳಿಕ ನಡೆಯುವುದು ‘ಚೂಡ್’ ಎಂಬ ವಿಧಿ: ಎದುರಾಳಿಗಳು ಪರಸ್ಪರ ನಾಲಗೆಯನ್ನು ಕಚ್ಚಿಹಿಡಿದು ಒಗಟು, ಹಾಸ್ಯೋಕ್ತಿಗಳನ್ನು ಒಡ್ಡಬೇಕು, ಮೊದಲು ನಕ್ಕವನು ಸೋತನು. ಇದು ಹಿಮಾಲಯದ ಸಂಪ್ರದಾಯವೆಂದು ಕಥೆಯಲ್ಲಿ ಹೇಳಿದೆ. ಅದನ್ನು ಕವಿಸ್ವಾತಂತ್ರ್ಯವೆಂದು ಬಿಡೋಣ. ತೊದಲುಮಾತಿನ ಬಿಲ್ ಎಂಬ ಬಾಲಕನು ಇದರಲ್ಲಿ ಗೆಲ್ಲುವುದು ಬಾಹುಬಲದಿಂದಲ್ಲ, ಶ್ರದ್ಧೆಯಿಂದ.

ವಿರೋಧಿರಸಗಳು ಒಂದೇ ಆಶ್ರಯದಲ್ಲಿ ಸೇರಿದರೆ ದೋಷ. ಆಶ್ರಯವನ್ನು ಬೇರ್ಪಡಿಸಿದರೆ ಪರಿಹಾರವೆಂಬುದು ಆನಂದವರ್ಧನನ ಮತ. ಕಿಂಗನು ಧ್ವನ್ಯಾಲೋಕವನ್ನು ಓದಿದನೆಂದು ನಾವು ವಾದಿಸುವುದಿಲ್ಲ; ಆದರೆ ಈ ಕಥೆಯ ಸಂಹಾರವೆಲ್ಲವೂ ಆಶ್ರಯದ ಪಲ್ಲಟವೇ ಆಗಿದೆ. ಅದುವರೆಗೆ ಮಕ್ಕಳಲ್ಲಿದ್ದ ಭಯವು 1958ರ ಗಾಯದ ಮೇಲೆ ರಾಕ್ಷಸನಿಗೇ ಅಂಟಿಕೊಳ್ಳುತ್ತದೆ. 1985ರಲ್ಲಿ ಐವರು ಮಾತ್ರ ಮರಳಿ ಚರಂಡಿಗಿಳಿದಾಗ ಅದು ಗರ್ಭಿಣಿಯಾದ ಹೆಣ್ಣುಜೇಡದ ರೂಪದಲ್ಲಿ ಅವರಿಗೆ ಕಾಣಿಸುತ್ತದೆ. ರಿಚೀ ತನ್ನ ಅನುಕರಣಧ್ವನಿಗಳಿಂದ ಅದನ್ನು ಕೆಣಕುತ್ತಾನೆ. ಎಡ್ಡಿಯ ಉಬ್ಬಸದ ಪಿಚಕಾರಿಯಲ್ಲಿ ನಿಜವಾದ ಮದ್ದೇ ಇಲ್ಲ. ಅದು ಸುಡುವ ಆಮ್ಲವೆಂದು ನಂಬಿ ಸಿಂಪಡಿಸಿದ್ದರಿಂದ ಜೇಡವು ಬೇಯುತ್ತದೆ, ಎಡ್ಡಿಯು ತೋಳನ್ನೂ ಪ್ರಾಣವನ್ನೂ ತೆರುತ್ತಾನೆ. ಬಿಲ್ ಅದರ ಹೃದಯವನ್ನು ಹಿಸುಕುತ್ತಾನೆ. ಬೆನ್ ಮೊಟ್ಟೆಗಳನ್ನು ತುಳಿಯುತ್ತಾನೆ.

2019ರ ಚಲಚ್ಚಿತ್ರದಲ್ಲಿ ಕೋಡಂಗಿಯನ್ನು ಹೀಯಾಳಿಸಿ ಕುಗ್ಗಿಸುವುದೇ ಮುಖ್ಯೋಪಾಯ. ಅಲ್ಲಿ ಹಾಸ್ಯವು ಬರಿಯ ಪರಿಹಾಸವಾಗಿ ಇಳಿದಿದೆಯೆಂದು ನಮಗೆ ತೋರುತ್ತದೆ. ಮೂಲಕಥೆಯಲ್ಲಿ ಉತ್ಸಾಹವು ಸ್ಥಾಯಿ, ನಗು ಅದರ ಅಂಗ. ಮೂಲದಲ್ಲಿ ಜಯದ ಬಳಿಕ ಗೆಳೆಯರು ಒಬ್ಬರನ್ನೊಬ್ಬರು ಮರೆಯತೊಡಗುತ್ತಾರೆ. ಮೈಕ್ ಬರೆದಿಟ್ಟ ಅವರ ಹೆಸರುಗಳೂ ಪುಸ್ತಕದಲ್ಲಿ ಮಾಸಿಹೋಗುತ್ತವೆ.