ಅಡಿಕೆಗೆ ಮದ್ದು ಬಿಡುವ ವಿದ್ಯೆ

ಕಾಸರಗೋಡು ಸೀಮೆಯ ಅಡಿಕೆ ತೋಟದವರಿಗೆ ಆಟಿಯ ಮಳೆಯೆಂದರೆ ಕೊಳೆರೋಗದ ಭಯ. ಮಳೆಗಾಲಕ್ಕೆ ಮುನ್ನ ಒಮ್ಮೆ, ಬಳಿಕ 40–45 ದಿನಗಳಲ್ಲಿ ಮತ್ತೊಮ್ಮೆ ಬೋರ್ಡೋ ದ್ರಾವಣವನ್ನು ಸಿಂಪಡಿಸದಿದ್ದರೆ ಎಳೆಕಾಯಿಗಳು ಕೊಳೆತು ಉದುರುತ್ತವೆ. ಮದ್ದು ಬಿಡುವವರು ದೊರೆಯದ ಒಂದು ವರ್ಷ ನಮ್ಮ ಫಸಲಿನ ಬಹುಪಾಲು ಮರದಡಿಯಲ್ಲೇ ಕೊಳೆಯಿತು. ಮರುವರ್ಷ ನಾವೇ ಆ ಕೆಲಸವನ್ನು ಕಲಿಯಹೊರಟೆವು.

ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಲೆಕ್ಕವೇನೋ ಮೂರನೆಯ ತರಗತಿಯದು. ಎರಡನ್ನೂ 50 ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕದಡಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿದೆವು. ಸುಣ್ಣ ಹಳತಾಗಿತ್ತೆಂಬುದನ್ನು ಗಮನಿಸಲಿಲ್ಲ. ನಮಗೆ ಕಲಿಸಲು ಬಂದಿದ್ದ ಹಿರಿಯ ಕೆಲಸಗಾರರು ಕತ್ತಿಯ ಹೊಳೆವ ಅಲಗನ್ನು ಅದರಲ್ಲಿ ಅದ್ದಿ ತೆಗೆದರು. ಅಲಗಿನ ಮೇಲೆ ತಾಮ್ರದ ಕೆಂಪು ಕುಳಿತಿತ್ತು.

“ಇನ್ನೂ ಸುಣ್ಣ ಬೇಕು ಮಾಸ್ಟ್ರೇ. ಹೀಗೇ ಬಿಟ್ಟರೆ ಎಳೆಕಾಯಿ ಸುಟ್ಟುಹೋದೀತು” ಎಂದರು.

ವರ್ಷಾನುಗಟ್ಟಲೆ ಮಕ್ಕಳಿಗೆ ಆಮ್ಲ, ಪ್ರತ್ಯಾಮ್ಲಗಳ ಪಾಠ ಹೇಳಿದ ನಮಗೆ ಲಿಟ್ಮಸ್ ಕಾಗದದ ನೆನಪೂ ಆಗಿರಲಿಲ್ಲ!

ಮರವೇರುವುದು ಇನ್ನೂ ಕಠಿಣವಾಯಿತು. ಕಾಲಿಗೆ ತಳೆ ಹಾಕಿಕೊಂಡ ಮೇಲೆ ದೇಹದ ಭಾರವನ್ನು ಪಾದಗಳು ಹೊರಬೇಕು. ನಾವೋ ಅದನ್ನು ತೋಳುಗಳಿಗೆ ಒಪ್ಪಿಸಿದೆವು. ಎರಡಾಳೆತ್ತರ ಏರುವಷ್ಟರಲ್ಲಿ ತೊಡೆ ನಡುಗಿತು. ಮರವನ್ನಪ್ಪಿ ಜಾರಿದ ರಭಸಕ್ಕೆ ಎದೆಯ ಚರ್ಮ ಸುಲಿಯಿತು. ಶಿಕ್ಷಕ ತರಬೇತಿಯ ಕಾಲದಲ್ಲಿ ‘ಮಾಡಿ ಕಲಿಯುವಿಕೆ’ಯ ಕುರಿತು ನಾಲ್ಕು ಪುಟ ಬರೆದು ಅಂಕ ಗಳಿಸಿದವರು ನಾವು.

ಆ ಮಳೆಗಾಲದಲ್ಲಿ ನಾವಾಗಿ ಏರಿ ಮದ್ದು ಬಿಟ್ಟದ್ದು 11 ಮರಗಳಿಗೆ ಮಾತ್ರ. ಉಳಿದ ತೋಟವನ್ನೆಲ್ಲ ಆ ಹಿರಿಯರೇ ಮುಗಿಸಿದರು. ಹಿಂದಿನ ವರ್ಷಗಳಂತೆ ಕೂಲಿಗೆ ಚೌಕಾಸಿ ಮಾಡಲು ನಮಗೆ ಬಾಯಿ ಬರಲಿಲ್ಲ.